ಅವಸರದ ಮೂತ್ರಕ್ಕೆ ಕರೆಂಟ್ ಚಿಕಿತ್ಸೆ: ನಮ್ಮ ಕಡೆಯ ಹೆಂಗಸರು ಎಲ್ಲಿಂದ ಶುರು ಮಾಡಬೇಕು, ಹೇಗೆ ಮಾಡಬೇಕು

ಸಿಂಧನೂರಿನಿಂದ ಬಳ್ಳಾರಿಗೆ ಬಸ್ಸಿನಲ್ಲಿ ಬರಬೇಕು ಅಂದರೆ ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕುಡಿಯದೆ ಹೊರಡುವ ಹೆಂಗಸರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಪದೇ ಪದೇ ಎದ್ದು ಹೋದರೆ ಸೂಪರ್‌ವೈಸರ್ ಏನಂದಾನೋ ಅಂತ ಹೆದರುವವರಿದ್ದಾರೆ. ಮದುವೆಗೆ ಹೋದರೆ ಹೆಣ್ಣು-ಗಂಡಿನ ಮುಖ ನೋಡುವ ಮೊದಲು ಬಚ್ಚಲು ಯಾವ ಕಡೆ ಅಂತ ನೋಡಿಟ್ಟುಕೊಳ್ಳುವವರೂ ಇದ್ದಾರೆ. ಒಂದಕ್ಕೆ ಬಂತು ಅನ್ನಿಸಿದ ಕೂಡಲೇ ತಡೆಯಲಾಗದ ಅವಸರ, ಹೋಗುವಷ್ಟರಲ್ಲೇ ಸ್ವಲ್ಪ ಸೋರುವುದು, ರಾತ್ರಿ ಎರಡು ಮೂರು ಸಲ ಏಳುವುದು, ಇದಕ್ಕೆ ಡಾಕ್ಟರುಗಳು ಓವರ್ ಆಕ್ಟಿವ್ ಬ್ಲ್ಯಾಡರ್ ಅನ್ನುತ್ತಾರೆ. ಚೀಟಿಯಲ್ಲಿ ಓಎಬಿ ಅಂತ ಬರೆದಿರುತ್ತಾರೆ. ಮೂತ್ರಚೀಲ ಪೂರ್ತಿ ತುಂಬುವ ಮೊದಲೇ ಅದರ ಗೋಡೆಯ ಸ್ನಾಯು ಹಿಂಡಲು ಶುರು ಮಾಡುತ್ತದೆ, ಅಷ್ಟೇ. ಇದು ವಯಸ್ಸಾದ ಮೇಲೆ ಸಹಿಸಿಕೊಳ್ಳಲೇಬೇಕಾದ ಕರ್ಮ ಅಲ್ಲ.

ಇದಕ್ಕಿರುವ ಚಿಕಿತ್ಸೆಗಳಲ್ಲಿ ಒಂದು ಕರೆಂಟ್ ಕೊಡುವುದು. ನಾನು ಫಿಸಿಯೋಥೆರಪಿ ಕೆಲಸದವಳು, ಇದರ ಹೆಸರು ಹೇಳಿದ ಕೂಡಲೇ ಎದುರಿಗೆ ಕೂತವರ ಮುಖ ಹೇಗಾಗುತ್ತೆ ಅಂತ ಚೆನ್ನಾಗಿ ಗೊತ್ತು. "ಅಲ್ಲಿಗೇ ಕರೆಂಟ್ ಇಡ್ತಾರಂತಲ್ರೀ ಮೇಡಂ, ಹೌದಾ?" ಅಂತ ಕೇಳುತ್ತಾರೆ. ಬಹಳಷ್ಟು ಜನರಿಗೆ ಅಲ್ಲಿ ಇಡಬೇಕಾಗಿಯೇ ಇಲ್ಲ, ಕಾಲಿನ ಗೆಣ್ಣಿನ ಹತ್ತಿರ ಎರಡು ಪ್ಯಾಡ್ ಅಂಟಿಸಿ ಶುರು ಮಾಡಬಹುದು. ಹಾಗಂತ ಸೀದಾ ಮಷಿನ್ ತಂದು ಅಂಟಿಸಿಕೊಳ್ಳಬೇಡಿ. ಅದಕ್ಕೆ ಮೊದಲು ಮಾಡಬೇಕಾದ ಕೆಲಸಗಳಿವೆ, ಅವನ್ನು ಬಿಟ್ಟವರಿಗೆ ಕರೆಂಟಿನಿಂದ ಫಲ ಸಿಗುವುದು ಕಡಿಮೆ.

ಮೊದಲು: ಇದು ಅದೇ ತೊಂದರೆನಾ?

ಮೂತ್ರ ಪರೀಕ್ಷೆ ಮಾಡಿಸಿ. ಸೋಂಕಿದ್ದರೂ ಇದೇ ತರಹ ಅವಸರ ಆಗುತ್ತದೆ, ಜೊತೆಗೆ ಉರಿ ಇರುತ್ತದೆ, ಕೆಲವರಿಗೆ ಉರಿ ಇಲ್ಲದೆಯೂ ಇರುತ್ತದೆ. ಸೋಂಕಿಗೆ ಬೇಕಾದದ್ದು ಅದರ ಔಷಧ, ಕರೆಂಟ್ ಅಲ್ಲ. ರಕ್ತದ ಸಕ್ಕರೆ ನೋಡಿಸಿ. ಸಕ್ಕರೆ ಏರಿದ್ದರೆ ಮೂತ್ರವೇ ಜಾಸ್ತಿ ತಯಾರಾಗುತ್ತದೆ, ಆಗ ಚೀಲವನ್ನು ಬೈದು ಪ್ರಯೋಜನವಿಲ್ಲ. ಹೆಂಗಸರ ಡಾಕ್ಟರ್ ಹತ್ತಿರ ಒಮ್ಮೆ ಒಳಪರೀಕ್ಷೆ ಆಗಲಿ, ಗರ್ಭಚೀಲ ಜಾರಿದೆಯಾ ಅಂತ ಗೊತ್ತಾಗುತ್ತದೆ. ಸ್ಕ್ಯಾನಿಂಗ್ ಮಾಡಿಸುವುದಾದರೆ ಮೂತ್ರ ಮಾಡಿ ಬಂದ ಮೇಲೆ ಚೀಲದಲ್ಲಿ ಎಷ್ಟು ಉಳಿದಿದೆ ಅಂತಲೂ ನೋಡಲು ಹೇಳಿ. ಪೂರ್ತಿ ಖಾಲಿಯಾಗದೆ ಉಳಿದು ಉಳಿದು ಪದೇ ಪದೇ ಬರುತ್ತಿದ್ದರೆ ಅದರ ದಾರಿಯೇ ಬೇರೆ.

ನೀವು ನುಂಗುವ ಮಾತ್ರೆಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳಲ್ಲಿ ನೀರು ಇಳಿಸುವ ಔಷಧ ಇರುತ್ತದೆ. ಸಕ್ಕರೆ ಕಾಯಿಲೆಗೆ ಈಗ ಬಹಳ ಬರೆಯುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲೇ ಹೊರಗೆ ಹಾಕುತ್ತವೆ, ಹಾಗಾಗಿ ಮೂತ್ರ ಜಾಸ್ತಿ ಆಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ. ಡಾಕ್ಟರಿಗೆ ಗೊತ್ತಿದ್ದರೆ ತೆಗೆದುಕೊಳ್ಳುವ ಹೊತ್ತನ್ನಾದರೂ ಬದಲಿಸಬಹುದು.

ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ಮಾತ್ರ ಸೋರುತ್ತದೆ, ಅವಸರ ಅನ್ನುವುದೇ ಇಲ್ಲ ಅಂದರೆ ಅದು ಬೇರೆ ಬಗೆಯ ಸೋರಿಕೆ. ಅದಕ್ಕೆ ಕೆಳಗಿನ ಸ್ನಾಯುಗಳ ವ್ಯಾಯಾಮವೇ ಮುಖ್ಯ, ಕರೆಂಟಿನ ಲೆಕ್ಕವೂ ಬೇರೆ. ಎರಡೂ ಸೇರಿಕೊಂಡಿರುವವರು ಬಹಳ. ಯಾವುದು ಜಾಸ್ತಿ ಕಾಡುತ್ತದೆ ಅಂತ ನೀವೇ ಹೇಳಬೇಕು.

ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ತೋರಿಸಿ. ಚಳಿಜ್ವರದ ಜೊತೆ ಬೆನ್ನು ನೋವು ಬಂದರೆ, ಮೂತ್ರ ಕಟ್ಟಿಕೊಂಡರೆ, ಇದ್ದಕ್ಕಿದ್ದಂತೆ ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಂತಾದರೆ, ಕಾಲಿನ ಬಲ ಕುಂದಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಈ ಲೇಖನವನ್ನು ಆಮೇಲೆ ಓದಬಹುದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. "ಗರ್ಭಚೀಲ ತೆಗೆಸಿದರೆ ಎಲ್ಲ ಸರಿಹೋಗುತ್ತೆ" ಅನ್ನುವ ಸಲಹೆ ನಮ್ಮ ಕಡೆ ತೀರಾ ಸುಲಭವಾಗಿ ಸಿಗುತ್ತದೆ. ಬರೀ ಮೂತ್ರದ ಅವಸರಕ್ಕೆ ಗರ್ಭಚೀಲ ತೆಗೆಯುವುದು ಚಿಕಿತ್ಸೆಯೇ ಅಲ್ಲ. ಪೂರ್ತಿ ಜಾರಿದ್ದರೆ, ಬೇರೆ ಕಾರಣ ಇದ್ದರೆ ಅದು ಬೇರೆ ಮಾತು. ಅಂಥ ಸಲಹೆ ಬಂದರೆ ಇನ್ನೊಬ್ಬ ಡಾಕ್ಟರನ್ನು ಕೇಳದೆ ಒಪ್ಪಬೇಡಿ.

ಮೂರು ದಿನ ಬರೆದಿಡಿ

ಇದೊಂದು ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಅಡುಗೆ ಮನೆಯದ್ದಲ್ಲದ ಒಂದು ಹಳೆ ಅಳತೆ ಜಗ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಗೆ ನೀರು ಅಳೆದು ಹಾಕಿ 100, 200, 300 ಮಿಲಿ ಅಂತ ಹೊರಗಡೆ ಗೆರೆ ಹಾಕಿ. ಮೂರು ದಿನ, ಹಗಲು ರಾತ್ರಿ, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಮಿಲಿ ಬಂತು, ಅವಸರ ಇತ್ತಾ, ಸೋರಿತಾ, ಏನು ಎಷ್ಟು ಕುಡಿದಿರಿ ಅಂತ ಬರೆಯಿರಿ. ಬರೆಯಲು ಬಾರದಿದ್ದರೆ ಮಗಳ ಕೈಲಿ ಬರೆಸಿ, ಅಥವಾ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮೂರೂ ದಿನ ಒಟ್ಟಿಗೇ ಇರಬೇಕೆಂದಿಲ್ಲ. ಕೆಲಸಕ್ಕೆ ಹೋಗುವ ದಿನವೂ ಒಂದಿರಲಿ, ಮನೆಯಲ್ಲಿರುವ ದಿನವೂ ಒಂದಿರಲಿ.

ಓದುವುದು ಹೀಗೆ. ದೊಡ್ಡವರ ಮೂತ್ರಚೀಲ ಸುಮಾರು 300ರಿಂದ 500 ಮಿಲಿ ಹಿಡಿಯುತ್ತದೆ. ನಿಮ್ಮದು ಪ್ರತಿ ಸಲ 80, 100, 120 ಅಂತ ಚೂರು ಚೂರೇ ಬರುತ್ತಿದ್ದು, ಜೊತೆಗೆ ಅವಸರವೂ ಇದ್ದರೆ ಓವರ್ ಆಕ್ಟಿವ್ ಬ್ಲ್ಯಾಡರ್ ಅನ್ನಲು ಅದು ಒಳ್ಳೆಯ ಸುಳಿವು. ಪ್ರತಿ ಸಲವೂ 400 ಮಿಲಿ ಬರುತ್ತಿದ್ದು ದಿನಕ್ಕೆ ಹತ್ತು ಸಲ ಹೋಗುತ್ತಿದ್ದರೆ ಚೀಲ ಸರಿಯಾಗಿಯೇ ಇದೆ, ಮೂತ್ರವೇ ಜಾಸ್ತಿ. ಸಕ್ಕರೆ, ಮಾತ್ರೆ, ಕುಡಿಯುವ ನೀರು ಇವುಗಳ ಕಡೆ ನೋಡಬೇಕು. ಹಗಲು ಆರಾಮ, ರಾತ್ರಿ ಮಾತ್ರ ಹೆಚ್ಚು ಅನ್ನುವವರು ಕಾಲು ಊದಿಕೊಳ್ಳುತ್ತಾ, ಮಲಗಿದಾಗ ಗೊರಕೆ ಜೋರಾಗಿದೆಯಾ ಅನ್ನುವುದನ್ನೂ ಡಾಕ್ಟರಿಗೆ ಹೇಳಿ. ಹಗಲೆಲ್ಲ ಕಾಲಲ್ಲಿ ನಿಂತ ನೀರು ಮಲಗಿದ ಮೇಲೆ ಮೂತ್ರವಾಗಿ ಇಳಿಯುತ್ತದೆ. ಅಂಥವರಿಗೆ ಕರೆಂಟ್ ಅಷ್ಟಾಗಿ ಉಪಯೋಗವಿಲ್ಲ.

ಈ ಹಾಳೆಯನ್ನು ಎಸೆಯಬೇಡಿ, ಮುಂದೆ ಬೇಕು.

ಕರೆಂಟಿಗಿಂತ ಮೊದಲು, ಮತ್ತು ಕರೆಂಟಿನ ಜೊತೆಗೂ

ನೀರು ಬಿಡಬೇಡಿ. ಬಳ್ಳಾರಿ, ರಾಯಚೂರಿನ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ನೀರು ಕುಡಿಯದೆ ಕೆಲಸ ಮಾಡಿದರೆ ಮೂತ್ರ ಗಟ್ಟಿಯಾಗಿ, ಅದೇ ಚೀಲವನ್ನು ಇನ್ನೂ ಕೆರಳಿಸುತ್ತದೆ. ಸೋಂಕಿಗೂ ಕಲ್ಲಿಗೂ ದಾರಿ. ಸಾಮಾನ್ಯ ದಿನಗಳಲ್ಲಿ ಒಂದೂವರೆಯಿಂದ ಎರಡು ಲೀಟರ್, ಬಿಸಿಲಲ್ಲಿ ದುಡಿಯುವವರಿಗೆ ಅದಕ್ಕಿಂತ ಜಾಸ್ತಿ ಬೇಕು. ಮೂತ್ರ ತೆಳು ಹಳದಿ ಇದ್ದರೆ ಲೆಕ್ಕ ಸರಿಯಿದೆ. ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಆ ಮಿತಿಯೇ ನಿಮ್ಮ ಲೆಕ್ಕ. ಒಂದೇ ಸಲ ಒಂದು ತಂಬಿಗೆ ಗಟಗಟ ಕುಡಿಯುವ ಬದಲು ಹಗಲಿಡೀ ಹಂಚಿಕೊಂಡು ಕುಡಿಯಿರಿ. ಮಲಗುವ ಎರಡು ತಾಸು ಮೊದಲು ಕಡಿಮೆ ಮಾಡಿ.

ಚಹಾ ಕಡಿಮೆ ಮಾಡಬೇಕು. ಮಿರ್ಚಿ ಮಂಡಕ್ಕಿ ಜೊತೆ ಚಹಾ ಇಲ್ಲದೆ ಸಂಜೆ ಹೇಗೆ ಕಳೆಯುವುದು ಅಂತ ಕೇಳುತ್ತೀರಿ, ನನಗೂ ಅದೇ ಕಷ್ಟ. ಪೂರ್ತಿ ಬಿಡಬೇಡಿ, ದಿನಕ್ಕೆ ಐದು ಇದ್ದದ್ದನ್ನು ಎರಡಕ್ಕೆ ತನ್ನಿ, ಸಂಜೆಯ ಮೇಲೆ ಬೇಡ. ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿಮಾಡಿಕೊಳ್ಳಿ, ತುಂಬಿದ ಕರುಳು ಪಕ್ಕದ ಮೂತ್ರಚೀಲವನ್ನು ಒತ್ತುತ್ತದೆ.

ಇನ್ನು ಚೀಲಕ್ಕೆ ತಾಳ್ಮೆ ಕಲಿಸುವುದು. ಅವಸರ ಬಂದ ಕೂಡಲೇ ಓಡಬೇಡಿ. ಓಡಿದರೆ ಸೋರುವುದೇ ಜಾಸ್ತಿ. ನಿಂತಲ್ಲೇ ನಿಲ್ಲಿ, ಸಾಧ್ಯವಾದರೆ ಕೂತುಕೊಳ್ಳಿ. ಹೂಸು ತಡೆಯುವಾಗ ಹೇಗೆ ಬಿಗಿ ಹಿಡಿಯುತ್ತೇವೋ ಹಾಗೆ ಕೆಳಗಿನ ಸ್ನಾಯುಗಳನ್ನು ಐದಾರು ಸಲ ಬೇಗ ಬೇಗ ಬಿಗಿಮಾಡಿ ಬಿಡಿ. ಹೊಟ್ಟೆ ಎಳೆಯಬೇಡಿ, ಉಸಿರು ಹಿಡಿಯಬೇಡಿ. ಅವಸರ ತಾನಾಗಿ ಇಳಿಯುತ್ತದೆ, ಆಮೇಲೆ ಮೆಲ್ಲಗೆ ನಡೆದು ಹೋಗಿ. ಈಗ ಒಂದು ಗಂಟೆಗೊಮ್ಮೆ ಹೋಗುತ್ತಿದ್ದರೆ ಈ ವಾರ ಒಂದೂಕಾಲು ಗಂಟೆ, ಮುಂದಿನ ವಾರ ಒಂದೂವರೆ, ಹೀಗೆ ಮೂರು ಗಂಟೆಯ ತನಕ ಬೆಳೆಸಿ. ಇದಕ್ಕೆ ಕನಿಷ್ಠ ಆರು ವಾರ ಬೇಕು. ಬೇಸರದ ಕೆಲಸ, ಒಪ್ಪುತ್ತೇನೆ. ಬಹಳ ಜನರಿಗೆ ಇಷ್ಟರಲ್ಲೇ ಎಷ್ಟೋ ಹಗುರವಾಗುತ್ತದೆ.

ಕಾಲಿಗೆ ಕೊಟ್ಟರೆ ಮೂತ್ರಚೀಲಕ್ಕೆ ಹೇಗೆ ತಲುಪುತ್ತೆ?

ಇದನ್ನು ಕೇಳದವರೇ ಇಲ್ಲ. ಕಾಲಿನ ಒಳಗೆಣ್ಣಿನ ಹಿಂದೆ ಟಿಬಿಯಲ್ ನರ ಹಾದುಹೋಗುತ್ತದೆ. ಅದು ಬೆನ್ನುಹುರಿಯ ಕೆಳತುದಿಯಿಂದ ಹೊರಟು ಬಂದದ್ದು. ಮೂತ್ರಚೀಲಕ್ಕೆ ಹೋಗುವ ನರಗಳು ಹೊರಡುವುದೂ ಬಹುಮಟ್ಟಿಗೆ ಅಲ್ಲಿಂದಲೇ. ಊರಲ್ಲಿ ಒಂದೇ ಟಿಸಿಯಿಂದ ಎರಡು ಓಣಿಗೆ ಲೈನ್ ಎಳೆದಿರುತ್ತಾರಲ್ಲ, ಹಾಗೆ. ಕಾಲಿನ ನರಕ್ಕೆ ಸಣ್ಣ ಸಣ್ಣ ತಟ್ಟುಗಳನ್ನು ಕೊಟ್ಟರೆ ಆ ಸುದ್ದಿ ಬೆನ್ನುಹುರಿಗೆ ಮುಟ್ಟಿ, ಚೀಲದಿಂದ ಬರುವ ಸುಳ್ಳು ಅವಸರದ ಸುದ್ದಿಯನ್ನು ತಗ್ಗಿಸುತ್ತದೆ. ಕಾಲಿನ ಕರೆಂಟು ಚೀಲದ ತನಕ ಹರಿದು ಹೋಗುವುದಿಲ್ಲ.

ಯಾವ ಬಗೆ ಆರಿಸಿಕೊಳ್ಳೋದು

ಕಾಲಿನ ಚರ್ಮದ ಮೇಲೆ ಪ್ಯಾಡ್ ಅಂಟಿಸುವುದು ಒಂದು ಬಗೆ. ಮಂಡಿ ನೋವಿಗೆ ಉಪಯೋಗಿಸುವ ಟೆನ್ಸ್ ಮಷಿನ್ನೇ ಸಾಕು. ಬಟ್ಟೆ ಬಿಚ್ಚುವ ಮಾತಿಲ್ಲ, ಸೀರೆಯನ್ನು ಮೊಣಕಾಲ ಕೆಳಗಿನ ತನಕ ಎತ್ತಿದರೆ ಆಯಿತು. ನನ್ನನ್ನು ಕೇಳಿದರೆ ನಮ್ಮ ಕಡೆಯವರು ಶುರು ಮಾಡಬೇಕಾದದ್ದು ಇಲ್ಲಿಂದಲೇ.

ಅದೇ ನರಕ್ಕೆ ಸೂಜಿಯ ಮೂಲಕ ಕೊಡುವುದು ಇನ್ನೊಂದು, ಪಿಟಿಎನ್‌ಎಸ್ ಅನ್ನುತ್ತಾರೆ. ಕೂದಲೆಳೆಯಂಥ ತೆಳು ಸೂಜಿಯನ್ನು ಒಳಗೆಣ್ಣಿನಿಂದ ಮೂರು ಬೆರಳು ಮೇಲೆ ಚುಚ್ಚಿ, ವಾರಕ್ಕೊಮ್ಮೆ 30 ನಿಮಿಷದಂತೆ 12 ವಾರ ಕೊಡುತ್ತಾರೆ. ಇದಕ್ಕೆ ಬೇರೆಯದೇ ಮಷಿನ್ ಬೇಕು, ತರಬೇತಿಯಾದ ಕೈ ಬೇಕು. ಸಣ್ಣ ಊರುಗಳಲ್ಲಿ ಹುಡುಕುವುದು ಕಷ್ಟ.

ಸೊಂಟದ ಕೆಳಗೆ, ಬೆನ್ನಿನ ತ್ರಿಕೋಣ ಮೂಳೆಯ ಎರಡೂ ಬದಿಗೆ ಪ್ಯಾಡ್ ಇಡುವ ಬಗೆಯೂ ಇದೆ. ಕಾಲಿನಲ್ಲಿ ಗಾಯ ಇರುವವರಿಗೆ ಇದನ್ನು ಯೋಚಿಸಬಹುದು.

ಯೋನಿಯೊಳಗೆ ಪ್ರೋಬ್ ಇಟ್ಟು ಕೊಡುವುದು ಎಲ್ಲರೂ ಹೆದರುವ ಬಗೆ. ಕೆಳಗಿನ ಸ್ನಾಯುಗಳನ್ನು ಬಿಗಿ ಮಾಡಿ ಅಂದರೆ ಮಾಡಲು ಬಾರದವರಿಗೆ, ಎಲ್ಲಿ ಬಿಗಿಯಾಗಬೇಕು ಅನ್ನುವುದೇ ಗೊತ್ತಾಗದವರಿಗೆ ಇದು ಉಪಯೋಗ. ಬಾಕಿಯವರಿಗೆ ಮೊದಲ ಆಯ್ಕೆಯಾಗಿ ಇದನ್ನು ಹೇಳಿದರೆ ಯಾಕೆ ಅಂತ ಕೇಳಿ.

ಇದೆಲ್ಲಕ್ಕೆ ಪುರಾವೆ ಎಷ್ಟಿದೆ? ಸೂಜಿಯ ಬಗೆಗೆ ಚೆನ್ನಾಗಿದೆ. 2010ರಲ್ಲಿ ಬಂದ ಸುಮಿಟ್ ಅನ್ನುವ ಅಮೆರಿಕದ ಪ್ರಯೋಗದಲ್ಲಿ 220 ಜನರಲ್ಲಿ ಕೆಲವರಿಗೆ ನಿಜವಾದ ಚಿಕಿತ್ಸೆ, ಕೆಲವರಿಗೆ ತೋರಿಕೆಯ ಚಿಕಿತ್ಸೆ ಕೊಟ್ಟರು. ನಿಜವಾದದ್ದು ಸಿಕ್ಕವರಲ್ಲಿ 54.5 ಶೇಕಡಾ ಜನ ಗಮನಕ್ಕೆ ಬರುವಷ್ಟು ಸುಧಾರಿಸಿದರು, ತೋರಿಕೆಯದ್ದು ಸಿಕ್ಕವರಲ್ಲಿ 20.9 ಶೇಕಡಾ. ಅಂದರೆ ಹತ್ತರಲ್ಲಿ ಐದಾರು ಜನಕ್ಕೆ ಫಲ, ಎಲ್ಲರಿಗೂ ಅಲ್ಲ. ಎಲ್ಲ ಬಗೆಯ ಕರೆಂಟ್ ಚಿಕಿತ್ಸೆಗಳನ್ನೂ ಒಟ್ಟಿಗಿಟ್ಟು ನೋಡಿದ 2016ರ ಕಾಕ್ರೇನ್ ವಿಮರ್ಶೆ (ಕಾಕ್ರೇನ್ ಅಂದರೆ ನಡೆದ ಪ್ರಯೋಗಗಳನ್ನೆಲ್ಲ ಸೇರಿಸಿ ತೂಗಿ ನೋಡುವ ಸಂಸ್ಥೆ), ಏನೂ ಮಾಡದಿರುವುದಕ್ಕಿಂತ ಇದು ವಾಸಿ ಅಂದಿತು, ಆದರೆ ಅನೇಕ ಪ್ರಯೋಗಗಳ ಗುಣಮಟ್ಟ ಸಾಲದು ಅಂತಲೂ ಹೇಳಿತು. ಯಾವ ಚಿಕಿತ್ಸೆ ಕೊಡಬೇಕು, ಯಾವುದು ಬೇಡ ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2019ರಲ್ಲಿ ಇನ್ನೂ ಬಿಗಿಯಾಗಿ ಮಾತಾಡಿದೆ: ಹೆಂಗಸರ ಓಎಬಿಗೆ ರೂಢಿಯಾಗಿ ಕರೆಂಟ್ ಕೊಡಬೇಡಿ, ಕಾಲಿನ ಪ್ಯಾಡ್ ಬಗೆಯೂ ಬೇಡ, ಸೂಜಿಯ ಬಗೆಯನ್ನು ಬೇರೆಲ್ಲ ನೋಡಿದ ಮೇಲೆ ಮಾತ್ರ ಕೊಡಿ ಅಂತ. ಇಷ್ಟು ಗೊತ್ತಿದ್ದೂ ನಾನು ಪ್ಯಾಡನ್ನೇ ಮುಂದಿಡುತ್ತೇನೆ. ಅಪಾಯ ತೀರಾ ಕಡಿಮೆ, ಖರ್ಚು ಕಡಿಮೆ, ಮುಜುಗರ ಇಲ್ಲ, ಫಲ ಬರದಿದ್ದರೆ ಕಿತ್ತಿಟ್ಟು ಮುಂದಿನದಕ್ಕೆ ಹೋಗಬಹುದು. ಸೂಜಿಗಾಗಿ ಬೆಂಗಳೂರಿಗೋ ಹೈದರಾಬಾದಿಗೋ ಪ್ರತಿ ವಾರ ಹೋಗಲು ನಮ್ಮಲ್ಲಿ ಎಷ್ಟು ಜನಕ್ಕೆ ಆಗುತ್ತೆ, ಹೇಳಿ.

ಯಾರಿಗೆ ಬೇಡ

ಪೇಸ್‌ಮೇಕರ್ ಅಥವಾ ಎದೆಯಲ್ಲಿ ಅಂಥ ಯಾವುದೇ ಯಂತ್ರ ಕೂರಿಸಿಕೊಂಡವರಿಗೆ ಬೇಡ. ಗರ್ಭಿಣಿಯರಿಗೆ ಬೇಡ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ, ಪ್ಯಾಡ್ ಇಡುವ ಕಡೆ ಹುಣ್ಣು, ಗಾಯ, ಇಸುಬು ಇರುವವರಿಗೆ ಬೇಡ. ಕಿಬ್ಬೊಟ್ಟೆಯ ಕ್ಯಾನ್ಸರ್ ಇದ್ದವರು, ಮೂರ್ಛೆರೋಗ ಇರುವವರು, ಕಾಲಲ್ಲಿ ರಾಡು-ಪ್ಲೇಟು ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಸಕ್ಕರೆ ಕಾಯಿಲೆಯವರು ಇಲ್ಲಿ ಸ್ವಲ್ಪ ನಿಲ್ಲಿ. ಪಾದ ಜುಮುಗುಡುವುದು, ಚಪ್ಪಲಿ ಜಾರಿದರೂ ಗೊತ್ತಾಗದಿರುವುದು ಇದ್ದರೆ ಕಾಲಿನ ನರ ಸೋತಿದೆ ಅಂತ ಅರ್ಥ. ಅಂಥ ಕಾಲಿಗೆ ಕರೆಂಟ್ ಎಷ್ಟು ಹೋಗುತ್ತಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ, ಚರ್ಮ ಸುಡಬಹುದು. ಮೊದಲು ಹತ್ತಿಯಿಂದ, ಆಮೇಲೆ ಮೊನಚಿನಿಂದ ಮುಟ್ಟಿಸಿ ಪರೀಕ್ಷೆ ಮಾಡಿದ ಮೇಲೆಯೇ ಪ್ಯಾಡ್.

ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು

ಬಳ್ಳಾರಿಯಲ್ಲಿ ನಾವೆಲ್ಲ ಇನ್ನೂ ವಿಮ್ಸ್ ಅಂತಲೇ ಕರೆಯುವ, ಈಗ ಬಿಎಂಸಿಆರ್‌ಸಿ ಆಗಿರುವ ಸರ್ಕಾರಿ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಇವುಗಳಲ್ಲಿ ಮೊದಲು ಸ್ತ್ರೀರೋಗ ವಿಭಾಗದ ಚೀಟಿ ಮಾಡಿಸಿ. ಅಲ್ಲಿಂದ ಫಿಸಿಯೋಥೆರಪಿಗೆ ಬರೆಸಿಕೊಳ್ಳಿ. ಬರೀ "ಫಿಸಿಯೋಥೆರಪಿ" ಅಂತ ಬರೆದರೆ ಮಂಡಿಗೆ ಕೊಟ್ಟು ಕಳಿಸಿಯಾರು! ಓಎಬಿಗೆ ಟಿಬಿಯಲ್ ನರದ ಟೆನ್ಸ್ ಅಂತ ಬರೆಸಿ. ಖಾಸಗಿ ಕ್ಲಿನಿಕ್ಕಿನಲ್ಲಾದರೆ ಒಳಗೆ ಹೋಗುವ ಮೊದಲೇ ಫೋನಿನಲ್ಲಿ ಎರಡು ಮಾತು ಕೇಳಿ: ಮೂತ್ರದ ತೊಂದರೆಗೆ ಟೆನ್ಸ್ ಮಾಡಿ ಅನುಭವ ಇದೆಯಾ, ಹೆಣ್ಣು ಥೆರಪಿಸ್ಟ್ ಇದ್ದಾರಾ. ಕಾಲಿನ ಪ್ಯಾಡಿಗೆ ಯಾರಾದರೂ ಪರವಾಗಿಲ್ಲ. ಪ್ರೋಬಿಗೆ ಹೆಣ್ಣು ಥೆರಪಿಸ್ಟೇ ಬೇಕು ಅನ್ನಲು ನಾಚಬೇಡಿ, ಜೊತೆಗೆ ಅಕ್ಕನೋ ಸೊಸೆಯೋ ಕೂತಿರಲಿ.

ಬಸ್ಸಿನ ಖರ್ಚು ದೊಡ್ಡ ಮಾತಲ್ಲ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ದೊಡ್ಡ ಮಾತು ಏನೆಂದರೆ ಹೋದ ದಿನದ ಕೂಲಿ. ಅದಕ್ಕೇ ಮೊದಲ ಕೆಲವು ಸಲ ಕ್ಲಿನಿಕ್ಕಿನಲ್ಲಿ ಕಲಿತು, ಆಮೇಲೆ ಮನೆಯಲ್ಲೇ ಮಾಡಿಕೊಳ್ಳುವ ದಾರಿ ನಮ್ಮವರಿಗೆ ಸರಿಹೊಂದುತ್ತದೆ. ಕುಷ್ಟಗಿಯಿಂದ, ದೇವದುರ್ಗದಿಂದ ಬರುವವರು ಮೊದಲ ದಿನವೇ ಥೆರಪಿಸ್ಟಿಗೆ ಇದನ್ನು ಹೇಳಿಬಿಡಿ.

ಪ್ಯಾಡ್ ಹಾಕಿಕೊಳ್ಳುವ ಬಗೆ

ಮೊದಲು ಹೋಗಿ ಮೂತ್ರ ಮಾಡಿ ಬನ್ನಿ. ಕಾಲನ್ನು ಸೋಪು ಹಚ್ಚಿ ತೊಳೆದು ಚೆನ್ನಾಗಿ ಒರೆಸಿ. ಕೊಬ್ಬರಿ ಎಣ್ಣೆ, ಮುಲಾಮು ಏನೂ ಇರಬಾರದು, ಎಣ್ಣೆ ಇದ್ದರೆ ಪ್ಯಾಡ್ ಹಿಡಿಯುವುದಿಲ್ಲ. ಕಾಲ್ಗೆಜ್ಜೆ ತೆಗೆದಿಡಿ. ಕಾಲುಂಗುರ ತೆಗೆಯಬೇಕಾ ಅಂತ ಬಹಳ ಜನ ಕೇಳುತ್ತಾರೆ. ಪ್ಯಾಡಿಗೆ ತಾಗದಿದ್ದರೆ ಬೇಕಿಲ್ಲ, ಇರಲಿ ಬಿಡಿ.

ಕುರ್ಚಿಯಲ್ಲಿ ಒರಗಿ ಕೂತು ಕಾಲನ್ನು ಸ್ಟೂಲಿನ ಮೇಲೆ ಚಾಚಿ. ಒಂದು ಪ್ಯಾಡ್ ಒಳಗೆಣ್ಣಿನ ಮೂಳೆಯ ಹಿಂದೆ, ಮೂಳೆಗೂ ಹಿಮ್ಮಡಿಯ ಮೇಲೆ ಹಗ್ಗದಂತೆ ಕೈಗೆ ಸಿಗುವ ದಪ್ಪ ಸ್ನಾಯುರಜ್ಜಿಗೂ ನಡುವಿನ ತಗ್ಗಿನಲ್ಲಿ. ಇನ್ನೊಂದು ಅದೇ ಗೆರೆಯಲ್ಲಿ ಸುಮಾರು 10 ಸೆಂಟಿಮೀಟರ್ ಮೇಲೆ. ಒಂದೇ ಕಾಲು ಸಾಕು. ಮೊದಲ ದಿನ ಥೆರಪಿಸ್ಟ್ ಇಟ್ಟ ಜಾಗದ ಸುತ್ತ ಪೆನ್ನಿನಿಂದ ಗುರುತು ಮಾಡಿಸಿ ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ.

ಈಗ ಮಷಿನ್. ಮಂಡಿ ನೋವಿಗೆ ಇಡುವ ಲೆಕ್ಕ ಸಾಮಾನ್ಯವಾಗಿ 80ರಿಂದ 100 ಹರ್ಟ್ಜ್ (ಅಂದರೆ ಸೆಕೆಂಡಿಗೆ ಅಷ್ಟು ತಟ್ಟು), ಅದು ಇದಕ್ಕೆ ನಡೆಯುವುದಿಲ್ಲ. ಇದಕ್ಕೆ ಬೇಕಾದದ್ದು ನಿಧಾನದ ತಟ್ಟು, 10ರಿಂದ 20 ಹರ್ಟ್ಜ್. ರೇಟ್ ಅಂತ ಬರೆದಿರುವ ಗುಂಡಿಯಲ್ಲಿ ಅದನ್ನಿಡಿ. ವಿಡ್ತ್ ಅಂತ ಬರೆದದ್ದರಲ್ಲಿ 200 ಮೈಕ್ರೋಸೆಕೆಂಡ್. ಮೋಡ್ ನಾರ್ಮಲ್ ಇರಲಿ, ಬರ್ಸ್ಟ್ ಅಥವಾ ಮಾಡ್ಯುಲೇಷನ್ ಬೇಡ. ಹೊತ್ತು 30 ನಿಮಿಷ. ಥೆರಪಿಸ್ಟ್ ನಿಮಗೆ ಬೇರೆ ಅಂಕಿ ಬರೆದುಕೊಟ್ಟಿದ್ದರೆ ಅದನ್ನೇ ಅನುಸರಿಸಿ.

ಸೊನ್ನೆಯಿಂದ ಶುರು ಮಾಡಿ ಕರೆಂಟನ್ನು ಮೆಲ್ಲಗೆ ಏರಿಸಿ. ಮೊದಲು ಜುಮ್ ಅನ್ನುತ್ತದೆ, ಆಮೇಲೆ ಅಂಗಾಲಿನ ಕಡೆಗೆ ಇಳಿಯುತ್ತದೆ, ಕಾಲಿನ ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತದೆ ಅಥವಾ ಬೆರಳುಗಳು ಬೀಸಣಿಗೆಯ ಹಾಗೆ ಅಗಲುತ್ತವೆ. ಇಷ್ಟು ಕಂಡರೆ ನರ ಸಿಕ್ಕಿತು ಅಂತ ಅರ್ಥ. ಅಲ್ಲಿಂದ ಸ್ವಲ್ಪ ಇಳಿಸಿ, ಬಲವಾಗಿ ಗೊತ್ತಾಗಬೇಕು, ನೋಯಬಾರದು. ಪ್ಯಾಡಿನ ಕೆಳಗೆ ಮಾತ್ರ ಚುಚ್ಚುತ್ತಿದ್ದರೆ, ಅಂಗಾಲಿಗೆ ಏನೂ ಹೋಗದಿದ್ದರೆ ಮಷಿನ್ ನಿಲ್ಲಿಸಿ ಪ್ಯಾಡನ್ನು ಬೆರಳಗಲ ಹಿಂದೆ ಮುಂದೆ ಸರಿಸಿ ನೋಡಿ. ಮೊದಲ ವಾರದಲ್ಲಿ ಜನ ಸೋಲುವುದು ಇಲ್ಲೇ, ನರ ಸಿಗದೆ ಬರೀ ಚರ್ಮಕ್ಕೆ ಕರೆಂಟ್ ಕೊಡುತ್ತಾ ಕೂರುತ್ತಾರೆ. ಹತ್ತು ನಿಮಿಷ ಆದ ಮೇಲೆ ಜುಮ್ ಅನ್ನುವುದು ಕಡಿಮೆಯಾದಂತೆ ಅನ್ನಿಸುತ್ತದೆ, ಅದು ಸಹಜ. ಒಂದು ಗೆರೆ ಏರಿಸಿಕೊಳ್ಳಿ.

ಆ ಅರ್ಧ ಗಂಟೆ ಅವರೆಕಾಯಿ ಸುಲಿಯಿರಿ, ಸೀರಿಯಲ್ ನೋಡಿ, ಏನಾದರೂ ಮಾಡಿ. ನಿದ್ದೆ ಬೇಡ, ಸ್ನಾನದ ಮನೆ ಬೇಡ. ಮಷಿನ್ ಚಾರ್ಜಿಗೆ ಹಾಕಿಕೊಂಡು ಮಾತ್ರ ಯಾವತ್ತೂ ಮಾಡಬೇಡಿ, ನಮ್ಮ ಕಡೆ ವೋಲ್ಟೇಜ್ ಹೇಗೆ ಏರಿಳಿಯುತ್ತೆ ಅಂತ ಗೊತ್ತಲ್ವಾ. ಬ್ಯಾಟರಿಯದ್ದೇ ವಾಸಿ, ಕರೆಂಟ್ ಹೋದರೂ ನಡೆಯುತ್ತದೆ. ಎದೆ, ಕತ್ತಿನ ಮೇಲೆ ಪ್ಯಾಡ್ ಇಡಲೇಬೇಡಿ. ಮುಟ್ಟಿನ ದಿನಗಳಲ್ಲಿ ಕಾಲಿನ ಚಿಕಿತ್ಸೆ ನಿಲ್ಲಿಸಬೇಕಿಲ್ಲ.

ಮುಗಿದ ಮೇಲೆ ಮಷಿನ್ ಸೊನ್ನೆಗೆ ತಂದು ಆಫ್ ಮಾಡಿ, ಆಮೇಲೆ ಪ್ಯಾಡ್ ಕೀಳಿ. ಸ್ವಲ್ಪ ಕೆಂಪಾಗಿರುತ್ತದೆ, ಒಂದು ಗಂಟೆಯೊಳಗೆ ಹೋಗಬೇಕು. ಹೋಗದಿದ್ದರೆ, ಗುಳ್ಳೆ ಎದ್ದರೆ ನಿಲ್ಲಿಸಿ ಕೇಳಿ. ಪ್ಯಾಡನ್ನು ಅದರ ಪ್ಲಾಸ್ಟಿಕ್ ಹಾಳೆಗೇ ಅಂಟಿಸಿ ತಂಪಾದ ಕಡೆ ಇಡಿ. ಬೇಸಿಗೆಯಲ್ಲಿ ತಗಡಿನ ಶೀಟಿನ ಮನೆಯಲ್ಲಿ ಕಪಾಟಿನ ಮೇಲಿಟ್ಟರೆ ಅಂಟು ಬೇಗ ಒಣಗುತ್ತದೆ. ಒಂದು ಹನಿ ನೀರು ಸವರಿದರೆ ಕೆಲವು ದಿನ ಬರುತ್ತದೆ, ಆಮೇಲೆ ಹೊಸದೇ ಬೇಕು.

ಪ್ರೋಬ್ ಬೇಕು ಅಂದರೆ

ಪ್ರೋಬ್ ನಿಮ್ಮದೇ ಆಗಿರಬೇಕು, ಇನ್ನೊಬ್ಬರಿಗೆ ಬಳಸಿದ್ದು ಬೇಡ. ಇದನ್ನು ಬಾಯಿಬಿಟ್ಟು ಕೇಳಿ. ಬಳಸಿದ ಮೇಲೆ ಹೇಳಿಕೊಟ್ಟಂತೆ ತೊಳೆದು ಒಣಗಿಸಿಡಿ. ಬಿಳಿ ಸೆರಗು, ಕೆರೆತ, ಸೋಂಕು ಇದ್ದಾಗ ಬೇಡ. ಮುಟ್ಟಾದಾಗ, ಬಾಣಂತನದ ಮೊದಲ ವಾರಗಳಲ್ಲಿ ಬೇಡ. ಕಾಪರ್ ಟಿ ಹಾಕಿಸಿದ್ದರೆ ಮೊದಲೇ ಹೇಳಿ. ಮುಟ್ಟು ನಿಂತವರಿಗೆ ಒಳಗೆ ಒಣಗಿ ಉರಿಯುತ್ತದೆ, ಅಂಥವರು ಮೊದಲು ಡಾಕ್ಟರಿಗೆ ಹೇಳಿ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಬೇಕಾ ಕೇಳಲಿ, ಕೆಲವರಿಗೆ ಅದರಿಂದಲೇ ಅವಸರ ಕಡಿಮೆಯಾಗುತ್ತದೆ. ಅವಸರಕ್ಕೆ ಇಲ್ಲೂ 10 ಹರ್ಟ್ಜಿನ ಆಸುಪಾಸಿನ ನಿಧಾನದ ಕರೆಂಟು. ಕೆಮ್ಮಿದಾಗ ಸೋರುವುದಕ್ಕೆ ಇಡುವುದು 35ರಿಂದ 50. ಎಷ್ಟಿಟ್ಟಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ. ನೋವಾದರೆ ನಿಲ್ಲಿಸಿ ಅನ್ನಿ, ಸಹಿಸಿಕೊಂಡು ಮಲಗಬೇಡಿ.

ಮಷಿನ್ ಕೊಳ್ಳಬೇಕಾ?

ಮೊದಲ ದಿನವೇ ಬೇಡ. ಕ್ಲಿನಿಕ್ಕಿನಲ್ಲಿ ಎರಡು ಮೂರು ವಾರ ಮಾಡಿಸಿ, ನರ ಸಿಗುತ್ತೆ, ಸಹಿಸಲು ಆಗುತ್ತೆ ಅಂತ ಖಾತ್ರಿಯಾದ ಮೇಲೆ ನೋಡಿ. ಕೊಳ್ಳುವಾಗ ರೇಟ್, ವಿಡ್ತ್ ಎರಡನ್ನೂ ಬೇರೆ ಬೇರೆ ಬದಲಿಸಲು ಬರಬೇಕು. ಬರೀ "ಮಸಾಜ್", "ಬಡಿತ", "ಮೋಡ್ 1, ಮೋಡ್ 2" ಅಂತ ಇರುವ ಸಣ್ಣ ಮಸಾಜರುಗಳು ಇದಕ್ಕೆ ಆಗುವುದಿಲ್ಲ. ಕೂತರೆ ಸಾಕು ಎಲ್ಲ ವಾಸಿ ಅಂತ ಹೇಳಿ ದುಬಾರಿ ಯಂತ್ರ ಮಾರಲು ಮನೆ ಬಾಗಿಲಿಗೇ ಬರುವವರೂ ಇದ್ದಾರೆ. ಮೂತ್ರ ಪರೀಕ್ಷೆಯನ್ನೂ ಕೇಳದೆ ಯಂತ್ರ ತೋರಿಸುವವರಿಗೆ ಚಹಾ ಕೊಟ್ಟು ಕಳಿಸಿ.

ಎಷ್ಟು ದಿನ, ಫಲ ಹೇಗೆ ಗೊತ್ತಾಗುತ್ತೆ

ಮನೆಯಲ್ಲಿ ಮಾಡುವುದಾದರೆ ವಾರಕ್ಕೆ ಮೂರು ದಿನದಿಂದ ಹಿಡಿದು ದಿನಾ ಒಂದು ಸಲದ ತನಕ ಬೇರೆ ಬೇರೆ ಪದ್ಧತಿಗಳಿವೆ. ನಿಮ್ಮ ಕೆಲಸಕ್ಕೆ ಯಾವುದು ಹೊಂದುತ್ತೋ ಅದನ್ನು ಥೆರಪಿಸ್ಟ್ ಜೊತೆ ಕೂತು ತೀರ್ಮಾನಿಸಿ, ತಪ್ಪಿಸದೆ 12 ವಾರ ಮಾಡಿ. ಎರಡನೇ ವಾರಕ್ಕೆ "ಏನೂ ಆಗಲಿಲ್ರೀ" ಅಂತ ಬಿಡುವವರೇ ಜಾಸ್ತಿ. ಐದಾರು ವಾರಕ್ಕೆ ಮೊದಲು ಏನನ್ನೂ ಹೇಳಲು ಬರುವುದಿಲ್ಲ.

ಆರನೇ ವಾರ, ಹನ್ನೆರಡನೇ ವಾರ ಮತ್ತೆ ಮೂರು ದಿನದ ಹಾಳೆ ತುಂಬಿ, ಹಳೆಯದರ ಪಕ್ಕ ಇಡಿ. ದಿನಕ್ಕೆ 14 ಸಲ ಇದ್ದದ್ದು 9ಕ್ಕೆ ಬಂತಾ, 100 ಮಿಲಿ ಬರುತ್ತಿದ್ದದ್ದು 180 ಆಯಿತಾ, ರಾತ್ರಿ ಎಷ್ಟು ಸಲ ಎದ್ದಿರಿ, ಬಟ್ಟೆ ಎಷ್ಟು ಸಲ ಬದಲಿಸಿದಿರಿ. ನೆನಪಿನ ಮೇಲೆ ನಂಬಿಕೆ ಇಡಬೇಡಿ. ಸೋರಿಕೆ ಪೂರ್ತಿ ನಿಲ್ಲದಿದ್ದರೂ ಅರ್ಧಕ್ಕೆ ಇಳಿದರೆ ಅದು ಒಳ್ಳೆಯ ಫಲವೇ.

12 ವಾರದ ಹಾಳೆಯೂ ಮೊದಲಿನಂತೆಯೇ ಇದ್ದರೆ ಇನ್ನೂ ನಾಲ್ಕು ತಿಂಗಳು ಎಳೆಯಬೇಡಿ. ಡಾಕ್ಟರ್ ಹತ್ತಿರ ಮಾತ್ರೆಯ ವಿಚಾರ ಮಾತಾಡಿ. ಸಾಲಿಫೆನಾಸಿನ್, ಟಾಲ್ಟೆರೊಡಿನ್ ತರಹದವು ಬಾಯಿ ಒಣಗಿಸುತ್ತವೆ, ಮಲ ಕಟ್ಟಿಸುತ್ತವೆ, ವಯಸ್ಸಾದವರಿಗೆ ಮಂಕು ಕವಿಸಬಹುದು. ಮಿರಾಬೆಗ್ರಾನ್ ಆದರೆ ಬಾಯಿ ಅಷ್ಟು ಒಣಗುವುದಿಲ್ಲ, ಬಿಪಿ ನೋಡಿಕೊಳ್ಳುತ್ತಿರಬೇಕು. ಅದರಾಚೆ ಚೀಲದ ಗೋಡೆಗೆ ಬೊಟಾಕ್ಸ್ ಚುಚ್ಚುವುದಿದೆ, ಕೆಲವು ತಿಂಗಳಿಗೆ ಮತ್ತೆ ಚುಚ್ಚಿಸಬೇಕು, ಕೆಲವರಿಗೆ ಮೂತ್ರ ಕಟ್ಟಿ ಸ್ವಲ್ಪ ಕಾಲ ನಳಿಗೆ ಹಾಕಿಕೊಳ್ಳಬೇಕಾಗುತ್ತದೆ. ಬೆನ್ನಿನ ಕೆಳಗೆ ನರದ ಪಕ್ಕ ತಂತಿ ಕೂರಿಸುವ ಚಿಕಿತ್ಸೆಯೂ ಇದೆ, ದುಬಾರಿ, ದೊಡ್ಡ ಊರಿನ ಯುರಾಲಜಿಸ್ಟ್ ಹತ್ತಿರವೇ ಹೋಗಬೇಕು.

ಫಲ ಸಿಕ್ಕವರು ಒಮ್ಮೆಲೇ ನಿಲ್ಲಿಸಬೇಡಿ, ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಅವಸರ ಮರಳಿ ಬರುವುದು ಸಾಮಾನ್ಯ. ದಿನಾ ಮಾಡುತ್ತಿದ್ದವರು ವಾರಕ್ಕೆ ಎರಡಕ್ಕೆ ಇಳಿಸಿ, ಒಂದು ತಿಂಗಳು ನೋಡಿ, ಆಮೇಲೆ ವಾರಕ್ಕೊಂದು, ಹದಿನೈದು ದಿನಕ್ಕೊಂದು. ಸೂಜಿಯ ಬಗೆಯಲ್ಲೂ 12 ವಾರ ಮುಗಿದ ಮೇಲೆ ಸುಮಾರು ತಿಂಗಳಿಗೊಂದರಂತೆ ಮುಂದುವರಿಸುತ್ತಾರೆ. ಎಲ್ಲಿಗೆ ಇಳಿಸಿದಾಗ ಅವಸರ ಮತ್ತೆ ಶುರುವಾಗುತ್ತೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಂತುಕೊಳ್ಳಿ. ಮತ್ತೆ ಶುರುವಾದದ್ದು ಇದ್ದಕ್ಕಿದ್ದಂತೆ, ಉರಿಯ ಜೊತೆ ಅಂದರೆ ಪ್ಯಾಡ್ ಹುಡುಕುವ ಮೊದಲು ಮೂತ್ರ ಪರೀಕ್ಷೆಗೆ ಹೋಗಿ.